ಸಾಂಕ್ರಾಮಿಕದ ದತ್ತಾಂಶಕ್ಕೆ ಕಾನೂನಿನ ಮಿತಿ ಮೊದಲೇ ಇರಲಿ

ಮಾನ್ಯ ಸಂಪಾದಕರೇ,

ಸಾಂಕ್ರಾಮಿಕ ರೋಗ ಹರಡುವಾಗ ಬಿಗ್ ಡೇಟಾ, ಅಂದರೆ ಹಲವು ಮೂಲಗಳಿಂದ ಬರುವ ಅಪಾರ ಪ್ರಮಾಣದ ದತ್ತಾಂಶ, ನೆರವಿಗೆ ಬರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. 2020ರ ಆರಂಭದಲ್ಲಿ ತೈವಾನ್ ತನ್ನ ಆರೋಗ್ಯ ವಿಮೆಯ ದಾಖಲೆಗಳನ್ನು ವಲಸೆ ಮತ್ತು ಸುಂಕ ಇಲಾಖೆಗಳ ದಾಖಲೆಗಳೊಂದಿಗೆ ಜೋಡಿಸಿದ್ದರಿಂದ, ರೋಗಿಯು ಇತ್ತೀಚೆಗೆ ವಿದೇಶಕ್ಕೆ ಹೋಗಿಬಂದಿದ್ದಾರೆಯೇ ಎಂಬುದು ಪರೀಕ್ಷಿಸುವ ವೈದ್ಯರಿಗೆ ಕೂಡಲೇ ತಿಳಿಯುವಂತಾಯಿತು. ಚರಂಡಿ ನೀರಿನಲ್ಲಿ ವೈರಾಣುವಿನ ಅಂಶವನ್ನು ಅಳೆಯುವ ವಿಧಾನವಂತೂ, ಯಾರ ಹೆಸರನ್ನೂ ಕೇಳದೆ, ಪರೀಕ್ಷೆಗೆ ಬಾರದವರನ್ನೂ ಲೆಕ್ಕಕ್ಕೆ ತರುತ್ತದೆ; ಇದಕ್ಕೆ ಇನ್ನೂ ಹೆಚ್ಚಿನ ಗಮನ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ದತ್ತಾಂಶ ದೊಡ್ಡದಾದ ಮಾತ್ರಕ್ಕೆ ನಿಜವಾಗುವುದಿಲ್ಲ. ಜನರು ಅಂತರ್ಜಾಲದಲ್ಲಿ ಹುಡುಕುವ ಪದಗಳಿಂದ ಫ್ಲೂ ಜ್ವರದ ಪ್ರಮಾಣವನ್ನು ಅಂದಾಜಿಸಲು ಗೂಗಲ್ 2008ರಲ್ಲಿ ಆರಂಭಿಸಿದ ‘ಫ್ಲೂ ಟ್ರೆಂಡ್ಸ್’, 2012–13ರ ಚಳಿಗಾಲದಲ್ಲಿ ಅಮೆರಿಕದ ಪರಿಸ್ಥಿತಿಯನ್ನು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ತೋರಿಸಿತು. 2015ರಲ್ಲಿ ಅದನ್ನು ನಿಲ್ಲಿಸಲಾಯಿತು. ಮೊಬೈಲ್ ಇಲ್ಲದ ವೃದ್ಧರು ಮತ್ತು ಬಡವರು ಜನರ ಓಡಾಟವನ್ನು ತೋರಿಸುವ ಫೋನ್ ಆಧಾರಿತ ನಕ್ಷೆಗಳಲ್ಲಿ ಕಾಣಿಸುವುದೇ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಂಬಿಕೆಯ ಪ್ರಶ್ನೆ. ಸಿಂಗಪುರದಲ್ಲಿ ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಎಂದು ಹೇಳಿ ಸಂಗ್ರಹಿಸಿದ್ದ ‘ಟ್ರೇಸ್‌ಟುಗೆದರ್’ ಆ್ಯಪ್‌ನ ಮಾಹಿತಿಯನ್ನು ಅಪರಾಧ ತನಿಖೆಗೂ ಪೊಲೀಸರು ಪಡೆಯಬಹುದೆಂದು 2021ರ ಜನವರಿಯಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಅಂಥ ಬಳಕೆಯನ್ನು ಗಂಭೀರ ಅಪರಾಧಗಳಿಗೆ ಸೀಮಿತಗೊಳಿಸುವ ಕಾನೂನು ಬಂದದ್ದು ಆ ನಂತರ. ಯಾವ ದತ್ತಾಂಶವನ್ನು ಯಾವ ಉದ್ದೇಶಕ್ಕೆ ಎಷ್ಟು ದಿನ ಇಟ್ಟುಕೊಳ್ಳಬಹುದು, ಅದನ್ನು ಅಳಿಸುವ ಹೊಣೆ ಯಾರದು ಎಂಬುದನ್ನು ಸರ್ಕಾರಗಳು ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಕಾನೂನಿನಲ್ಲಿ ಸ್ಪಷ್ಟಪಡಿಸಬೇಕೆಂದು ಆಗ್ರಹಿಸುತ್ತೇನೆ.