ಪ್ರಗತಿ ಪತ್ರದ ಜೊತೆ ಬರುವ ಹೊಸ ಹಾಳೆ: ನಾಲ್ಕನೇ ತರಗತಿಯ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಸಲ ಪ್ರಗತಿ ಪತ್ರದ ಜೊತೆ ಇನ್ನೊಂದು ಹಾಳೆ ನಿಮ್ಮ ಕೈಸೇರುತ್ತದೆ. ಅದರಲ್ಲಿ ಅಂಕ ಇಲ್ಲ, ರ‍್ಯಾಂಕ್ ಇಲ್ಲ. ಗಣಿತದಲ್ಲಿ ನಿಮ್ಮ ಮಗುವಿಗೆ ಏನೇನು ಬರುತ್ತದೆ, ಯಾವುದು ಇನ್ನೂ ಬರಬೇಕು ಅನ್ನುವುದಷ್ಟೇ ಇದೆ. ನೋಡಿ ಗಾಬರಿಯಾಗಬಾರದು ಅಂತ ಮೊದಲೇ ಬರೆಯುತ್ತಿದ್ದೇನೆ.

ಕಳೆದ ಪರೀಕ್ಷೆಯಲ್ಲಿ ಇಬ್ಬರು ಮಕ್ಕಳಿಗೆ 20ಕ್ಕೆ 12 ಬಂತು. ಎರಡೂ ಪೇಪರು ಈಗ ನನ್ನ ಮೇಜಿನ ಮೇಲಿವೆ. ಹುಡುಗಿ 502ರಿಂದ 178 ಕಳೆದು 476 ಬರೆದಿದ್ದಾಳೆ. ಸರಿ ಉತ್ತರ 324. ಆದರೆ ಅವಳು ಸುಮ್ನೆ ಗೀಚಿಲ್ಲ. ಬಿಡಿ, ಹತ್ತು, ನೂರು, ಹೀಗೆ ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 5ರಲ್ಲಿ 1 ಹೋದರೆ 4. ಇಂಥ ಲೆಕ್ಕ ಬಂದಲ್ಲೆಲ್ಲ ಇದೇ ತಪ್ಪು. ಪಕ್ಕದ ಮನೆಯಿಂದ ಸಾಲ ತರುವುದು ಅವಳಿಗೆ ತಿಳಿದಿಲ್ಲ, ಅಷ್ಟೇ.

ಹುಡುಗ ಇಂಥವನ್ನೆಲ್ಲ ಸರಿ ಮಾಡಿದ್ದಾನೆ. ಬಿಟ್ಟಿರುವುದು ವಾಕ್ಯದ ಲೆಕ್ಕಗಳನ್ನು. ಕೂರಿಸಿ ಕೇಳಿದರೆ, ‘ವ್ಯತ್ಯಾಸ’ ಅಂದರೇನು ಅಂತಲೇ ಅವನಿಗೆ ಗೊತ್ತಿರಲಿಲ್ಲ. ಮುಂಬಯಿ ಅಲ್ವಾ, ಮನೆಯಲ್ಲಿ ತುಳು, ಆಡುವಾಗ ಹಿಂದಿ, ಮರಾಠಿ. ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಅದೇ ಲೆಕ್ಕ ತುಳುವಿನಲ್ಲಿ ಕೇಳಿದೆ, ಥಟ್ಟನೆ ಹೇಳಿದ. ಇವನನ್ನು ‘ಗಣಿತದಲ್ಲಿ ಹಿಂದೆ’ ಅಂತ ನಾವೇ ಅವನ ಅಮ್ಮನಿಗೆ ಹೇಳಿ ಕಳಿಸಿದ್ದೆವು. ಅದು ನಮ್ಮ ತಪ್ಪು. ಈ ಹಾಳೆ ಶುರುವಾಗಿದ್ದು ಅಲ್ಲಿಂದ.

ಇದರ ಹಿಂದೆ ಒಂದು ಸಾಮರ್ಥ್ಯದ ಮಾದರಿ ಇದೆ. ಯಾವುದು ಬಂದ ಮೇಲೆ ಯಾವುದು ಬರುತ್ತದೆ ಅನ್ನುವ ನಕ್ಷೆ ಅದು. ಸ್ಥಾನಬೆಲೆ ಬರದೆ ಸಾಲ ತಂದು ಕಳೆಯಲಾಗದು, ಅದು ಬರದೆ ದೊಡ್ಡ ಭಾಗಾಕಾರ ಆಗದು. ಹತ್ತು ಸಾಮರ್ಥ್ಯ ಅಂದುಕೊಳ್ಳಿ. ಒಂದೊಂದಕ್ಕೂ ಬರುತ್ತದೆ, ಬರುವುದಿಲ್ಲ ಅಂತ ನೋಡುತ್ತಾ ಹೋದರೆ 1,024 ಬಗೆಯ ಮಕ್ಕಳು ಇರಬಹುದು. ಒಂದರ ಮೇಲೊಂದು ಮೆಟ್ಟಿಲಿನಂತಿದ್ದರೆ, ಒಂದೂ ಬರದ ಮಗುವಿನಿಂದ ಹತ್ತೂ ಬರುವ ಮಗುವಿನವರೆಗೆ, 11 ಬಗೆ ಮಾತ್ರ. ಆಗ ನಡುವಿನ ಮೆಟ್ಟಿಲಿನಿಂದ ಕೇಳುತ್ತಾ ಹೋದರೆ ನಾಲ್ಕೇ ಪ್ರಶ್ನೆಗೆ ಮಗು ಎಲ್ಲಿದೆ ಅಂತ ಸಿಗುತ್ತದೆ. ನಿಜವಾದ ನಕ್ಷೆಯಲ್ಲಿ ಕವಲುಗಳು ಜಾಸ್ತಿ, ಆದರೆ ದಾರಿ ಇದೇ. ಇದಕ್ಕೆ 1985ರಲ್ಲಿ ಗಣಿತದ ಅಡಿಪಾಯ ಹಾಕಿದವರು ಡ್ವಾನ್ಯೋ ಮತ್ತು ಫಾಲ್ಮಾನ್ ಎಂಬ ಇಬ್ಬರು ವಿದ್ವಾಂಸರು. ಊರಿನ ಸರ್ಕಾರಿ ಶಾಲೆ ನೋಡಿದವರಿಗೆ ಇದು ತೀರಾ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯಲ್ಲೂ ಕಲಿಕೆಯ ಏಣಿ ಇತ್ತು, ಅಲ್ವಾ?

ಮಕ್ಕಳು ಟ್ಯಾಬ್‌ನಲ್ಲಿ ಉತ್ತರ ಕೊಡುತ್ತಾರೆ. ಒಂದು ಉತ್ತರ ನೋಡಿ ಮುಂದಿನ ಪ್ರಶ್ನೆ ಬರುತ್ತದೆ. ಆದರೆ ನಾಲ್ಕು ಆಯ್ಕೆ ಇದ್ದಾಗ ಕಣ್ಣುಮುಚ್ಚಿ ಒತ್ತಿದರೂ ನಾಲ್ಕರಲ್ಲೊಂದು ಸಲ ಸರಿಯಾಗಬಹುದು. ಚೆನ್ನಾಗಿ ಬರುವ ಮಗುವೂ ಅವಸರಕ್ಕೆ ತಪ್ಪು ಒತ್ತುತ್ತದೆ. ತುಳುವಿನಲ್ಲಿ ಕೇಳಿ ನೋಡೋಣ ಅಂತ ಟ್ಯಾಬ್‌ಗೆ ಹೊಳೆಯುವುದಿಲ್ಲ. ಹಾಗಾಗಿ ಟೀಚರ್ ಪ್ರತಿ ಮಗುವನ್ನೂ ಪಕ್ಕ ಕೂರಿಸಿಕೊಂಡು, ಕಾಗದದ ಮೇಲೆ ಎರಡು ಲೆಕ್ಕ ಮಾಡಿಸಿ, ಹೇಗೆ ಮಾಡಿದೆ ಅಂತ ಕೇಳಿದ ಮೇಲೆಯೇ ಹಾಳೆಯಲ್ಲಿ ಗುರುತು ಹಾಕಿದ್ದಾರೆ. ಇದಕ್ಕೆ ಮೂರು ವಾರ ಹಿಡಿಯಿತು.

ಅಂಕ ಇಲ್ಲದಿದ್ದರೆ ಮುಂದೆ ಹತ್ತನೇ ತರಗತಿಯ ಎಸ್‌ಎಸ್‌ಸಿ ಪರೀಕ್ಷೆಗೆ ಹೇಗೆ ಅಂತ ಕೆಲವರು ಕೇಳಿದ್ದೀರಿ. ಅಂಕ ಎಲ್ಲೂ ಹೋಗಿಲ್ಲ, ಪ್ರಗತಿ ಪತ್ರದಲ್ಲಿ ಎಂದಿನಂತೆ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಬಾಯಿಪಾಠ ಬಿಟ್ಟು ಸಾಮರ್ಥ್ಯ ನೋಡಿ ಎನ್ನುತ್ತದೆ.

ಒಂದು ಕೋರಿಕೆ. ಈ ಹಾಳೆಯನ್ನು ಪಕ್ಕದ ಮನೆಯ ಮಗುವಿನ ಹಾಳೆ ಜೊತೆ ಇಟ್ಟು ನೋಡಬೇಡಿ. ಅಂಗಡಿಯಿಂದ ಮಗು ತಂದ ಚಿಲ್ಲರೆಯ ಲೆಕ್ಕವನ್ನು ಒಮ್ಮೆ ಮನೆಮಾತಿನಲ್ಲಿ, ಒಮ್ಮೆ ಕನ್ನಡದಲ್ಲಿ ಕೇಳಿ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಸಭೆ ಇದೆ. ಹೋಟೆಲ್ ಕೆಲಸದವರಿಗೆ ಆ ಹೊತ್ತಿಗೆ ಬಿಡುವಿರುತ್ತದೆ ಅಂತ ಈ ಸಮಯ ಇಟ್ಟಿದ್ದೇವೆ. ಅಪ್ಪ ಅಮ್ಮ ಇಬ್ಬರಿಗೂ ಆಗದಿದ್ದರೆ ಅಜ್ಜಿಯೋ ಮಾವನೋ ಬರಲಿ. ಬರುವಾಗ ಮಗುವಿನ ಹಳೆಯ ಗಣಿತ ನೋಟ್‌ಬುಕ್ ತನ್ನಿ. ತಪ್ಪಾದ ಪುಟಗಳನ್ನು ಹರಿಯಬೇಡಿ, ನಮಗೆ ಬೇಕಿರುವುದು ಅವೇ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ಶಾಲೆ, ಮುಂಬಯಿ