ಹಾಡಿದವಳು ಯಾರು ಅಂತ ಮೊದಲು ಬರೆ

ಪ್ರೀತಿಯ ತಂಗಿ,

ಬ್ರೆಜಿಲ್‌ನ ಕಪ್ಪು ಹೆಣ್ಣುಮಕ್ಕಳ ಹಾಡುಗಳ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಕಷ್ಟಪಟ್ಟಿದ್ದೀಯ, ಅದು ಕಾಣುತ್ತದೆ. ಆದರೆ ಮೊದಲ ಪುಟದಲ್ಲೇ ‘ನೋವು’ ಎಷ್ಟು ಸಲ ಬಂದಿದೆ ನೀನೇ ಎಣಿಸಿ ನೋಡು. ‘ಗುಲಾಮಗಿರಿಯ ನೋವಿನಿಂದ ಚಿಮ್ಮಿದ ಅನಾಮಿಕ ಹಾಡುಗಳು’ ಅಂತ ಬರೆದಿದ್ದೀಯ. ಕಿವಿಗೆ ಚೆನ್ನಾಗಿದೆ. ಯಾವ ದೇಶದ ಯಾವ ಹಾಡಿಗೆ ಬೇಕಾದರೂ ಹೊಂದುತ್ತದೆ. ಅದೇ ತೊಂದರೆ.

ನೋವು ಇರಲಿಲ್ಲ ಅಂತಲ್ಲ. ಆಫ್ರಿಕಾದಿಂದ ಹಿಡಿದು ಸಾಗಿಸಿದವರಲ್ಲಿ ಸುಮಾರು 48 ಲಕ್ಷ ಜನ ಇಳಿದದ್ದು ಬ್ರೆಜಿಲ್‌ನಲ್ಲೇ. ಅಮೆರಿಕ ಖಂಡಗಳಲ್ಲಿ ಎಲ್ಲರಿಗಿಂತ ತಡವಾಗಿ, 1888ರಲ್ಲಿ, ಗುಲಾಮಗಿರಿ ನಿಲ್ಲಿಸಿದ್ದೂ ಅದೇ ದೇಶ. ಇಷ್ಟು ಹೇಳಿ ಮುಂದೆ ಹೋಗು. ಓದುವವರಿಗೆ ಹಾಡು ನಡೆಯುವ ಜಾಗ ತೋರಿಸು.

ಬಹಿಯಾ ರಾಜ್ಯದ ರೆಕೊಂಕಾವೊ ಕಡೆಯ ಸಾಂಬಾ ದೆ ರೋಡಾ, ಅಂದರೆ ಸುತ್ತು ಕಟ್ಟಿ ಹಾಡಿ ಕುಣಿಯುವ ಸಾಂಬಾ, ಅದರ ಬಗ್ಗೆ ಎರಡು ಸಾಲು ಬರೆದು, 2005ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು ಅಂತ ಮುಗಿಸಿಬಿಟ್ಟಿದ್ದೀಯ. ಬಿರುದು ಆಮೇಲೆ ಇರಲಿ ಕಣಮ್ಮ. ಅಲ್ಲಿ ಜನ ಸುತ್ತ ನಿಂತು ಚಪ್ಪಾಳೆ ಹಾಕುತ್ತಾರೆ. ಈ ಸಾಂಬಾದಲ್ಲಿ ‘ಶುಲಾ’ ಅಂತ ಒಂದು ಬಗೆ ಇದೆ. ಅದರಲ್ಲಿ ಹಾಡು ನಡೆಯುವಾಗ ಯಾರೂ ಕುಣಿಯುವ ಹಾಗಿಲ್ಲ. ಹಾಡು ನಿಂತು ಬರೀ ವಾದ್ಯ ಉಳಿದಾಗ ಒಬ್ಬಳು ಮಧ್ಯಕ್ಕೆ ಬರುತ್ತಾಳೆ. ಪಾದ ನೆಲ ಬಿಟ್ಟು ಏಳುವುದೇ ಇಲ್ಲ ಅನ್ನುವಷ್ಟು ಸಣ್ಣ ಹೆಜ್ಜೆ, ಆದರೆ ಬಲು ಚುರುಕು. ಅವಳ ಸರದಿ ಮುಗಿದಾಗ ಇನ್ನೊಬ್ಬಳ ಹತ್ತಿರ ಹೋಗಿ ಹೊಟ್ಟೆಗೆ ಹೊಟ್ಟೆ ತಾಗಿಸುತ್ತಾಳೆ. ಈಗ ಅವಳ ಸರದಿ. ಹೀಗೆ ಸರದಿ ಕೈಬದಲಾಗುವುದನ್ನು ಬರೆಯದೆ ‘ಹೆಣ್ಣಿನ ಸಾಮೂಹಿಕ ಶಕ್ತಿ’ ಅಂದರೆ ಯಾರು ನಂಬುತ್ತಾರೆ?

ಮತ್ತೆ ಆ ತಟ್ಟೆ! ಅದನ್ನು ಹೇಗೆ ಬಿಟ್ಟೆ? ಒಂದು ಕೈಯಲ್ಲಿ ಊಟದ ತಟ್ಟೆ, ಇನ್ನೊಂದರಲ್ಲಿ ಅಡುಗೆಮನೆಯ ಚಾಕು. ತಟ್ಟೆಯ ಅಂಚಿಗೆ ಚಾಕು ಕೆರೆದು ತಾಳ ಹಾಕುತ್ತಾರೆ. ಸಾಂಟೊ ಅಮಾರೊ ಊರಿನ ದೋನಾ ಎಡಿತ್ ಇದರಲ್ಲಿ ಎಷ್ಟು ಪಳಗಿದ್ದರು ಅಂದರೆ ಜನ ಅವರನ್ನು ತಟ್ಟೆಯ ಎಡಿತ್, ಎಡಿತ್ ದೊ ಪ್ರಾತೊ, ಅಂತಲೇ ಕರೆದರು. ಅವರ ಹೆಸರಲ್ಲಿ ಒಂದು ಆಲ್ಬಮ್ ಬರುವಾಗ ವಯಸ್ಸು ಎಂಬತ್ತು ದಾಟಿತ್ತು. ಅಲ್ಲಿ ತಂತಿವಾದ್ಯ, ಚರ್ಮವಾದ್ಯ ಬಹುಮಟ್ಟಿಗೆ ಗಂಡಸರ ಕೈಯಲ್ಲೇ ಇದ್ದವು. ಇದನ್ನೂ ಬರೆ, ಮುಚ್ಚಿಡಬೇಡ. ಹೆಂಗಸರಿಗೆ ಸಿಕ್ಕಿದ್ದು ತಟ್ಟೆ, ಚಪ್ಪಾಳೆ, ದನಿ, ಕಾಲು. ಅದರಲ್ಲೇ ಏನು ಮಾಡಿದರು ಅನ್ನುವುದು ನಿನ್ನ ಕಥೆ.

ಇನ್ನು ‘ಅನಾಮಿಕ’ ಅನ್ನುವ ಮಾತು. ಇದರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹೆಸರು ಇಲ್ಲದ್ದು ಬೇರೆ, ಹೆಸರು ಬರೆಯದೆ ಬಿಟ್ಟಿದ್ದು ಬೇರೆ. ಬಹಿಯಾದಿಂದ ರಿಯೊಗೆ ಬಂದ ತಿಯಾ ಸಿಯಾತಾ ಸಿಹಿತಿಂಡಿ ಮಾರಿ ಸಂಸಾರ ನಡೆಸಿದವರು. ಅವರ ಮನೆಯಲ್ಲಿ ಸೇರುತ್ತಿದ್ದ ಹಾಡುಗಾರರ ನಡುವೆ ಹುಟ್ಟಿತು ಅನ್ನುವ ‘ಪೆಲೊ ತೆಲೆಫೋನಿ’ ಹಾಡನ್ನು 1916ರಲ್ಲಿ ದೋಂಗಾ ಅನ್ನುವ ಸಂಗೀತಗಾರ ತನ್ನ ಹೆಸರಿಗೆ ನೋಂದಾಯಿಸಿಕೊಂಡರು. ಅದು ಎಲ್ಲರೂ ಸೇರಿ ಕಟ್ಟಿದ್ದು ಅಂತ ಅಲ್ಲಿಗೆ ಬರುತ್ತಿದ್ದವರು ಜಗಳ ತೆಗೆದರು. ಸಾಂಬಾದ ಚರಿತ್ರೆ ಬರೆಯುವವರೆಲ್ಲ ಆ ಹಾಡಿನಿಂದ ಶುರು ಮಾಡುತ್ತಾರೆ. ಮನೆಯೊಡತಿಯದು ಮಾತ್ರ ಆತಿಥ್ಯದ ಪಾತ್ರ!

ದೋನಾ ಇವೋನೆ ಲಾರಾ ಅವರ ವಿಷಯ ಇನ್ನೂ ಸ್ಪಷ್ಟವಾಗಿದೆ. ಓದಿ ನರ್ಸ್ ಆದವರು. ಮನೋವೈದ್ಯೆ ನಿಸೆ ದ ಸಿಲ್ವೇರಾ ಜತೆ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಸಾಂಬಾಗಳನ್ನೂ ಕಟ್ಟುತ್ತಿದ್ದರು. ಹೆಂಗಸು ಕಟ್ಟಿದ್ದು ಅಂದರೆ ಯಾರೂ ಒಪ್ಪುವುದಿಲ್ಲ ಅಂತ ಅವರ ಹಾಡುಗಳನ್ನು ಸೋದರ ಸಂಬಂಧಿ ಫುಲೇರೊ ತನ್ನದು ಅಂತ ಹಾಡಿ ತೋರಿಸುತ್ತಿದ್ದರು. ಜನ ಹೊಗಳುತ್ತಿದ್ದರು. ಅದನ್ನು ಕೇಳಿಸಿಕೊಂಡು ಇವರು ಅಲ್ಲೇ ಇರುತ್ತಿದ್ದರು! 1965ರಲ್ಲಿ ಇಂಪೇರಿಯೊ ಸೆರಾನೊ ಅನ್ನುವ ಸಾಂಬಾ ಸ್ಕೂಲಿನ (ಕಾರ್ನಿವಲ್ ಮೆರವಣಿಗೆಯ ತಂಡ) ಹಾಡು ಕಟ್ಟುವವರ ಗುಂಪಿಗೆ ಸೇರಿದ ಮೊದಲ ಹೆಣ್ಣು ಇವರೇ. ಆದರೂ ನೌಕರಿ ಬಿಡಲಿಲ್ಲ. 1977ರಲ್ಲಿ ರಿಟೈರ್ ಆದರು, ಮರುವರ್ಷ ಅವರೊಬ್ಬರದೇ ಮೊದಲ ಆಲ್ಬಮ್ ಬಂತು. ಪಿಂಚಣಿ ಗ್ಯಾರಂಟಿ ಆದಮೇಲೆ ಕಲಾವಿದೆ ಆಗೋದು. ಇದಕ್ಕಿಂತ ಚೆನ್ನಾಗಿ ಲಿಂಗ, ಬಣ್ಣ, ಸಂಬಳ ಮೂರನ್ನೂ ಒಟ್ಟಿಗೆ ಯಾವ ಸಿದ್ಧಾಂತ ಹೇಳುತ್ತದೆ ಹೇಳು.

ಹಾಡುಗಾರ್ತಿ ಕ್ಲೆಮೆಂಟಿನಾ ದೆ ಜೆಸುಸ್ ಬಗ್ಗೆ ಬರೆಯುವಾಗ ‘ಬೆಳಕಿಗೆ ಬಂದರು’ ಅಂದಿದ್ದೀಯ. ಹಾಗಾದರೆ ಅದಕ್ಕೆ ಮೊದಲು ಕತ್ತಲಲ್ಲಿ ಇದ್ದರಾ? ಇಪ್ಪತ್ತಕ್ಕೂ ಜಾಸ್ತಿ ವರ್ಷ ಮನೆಗೆಲಸ ಮಾಡಿದವರು. ಬಟ್ಟೆ ಒಗೆಯುತ್ತ ತಾಯಿ ಹಾಡುತ್ತಿದ್ದ ಹಾಡುಗಳನ್ನು ಬಾಲ್ಯದಿಂದ ನೆನಪಲ್ಲಿ ಇಟ್ಟುಕೊಂಡಿದ್ದವರು. ವೇದಿಕೆ ಹತ್ತಿದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಕೇಳದೆ ಇದ್ದವರು ನಗರದ ಸಂಗೀತಗಾರರು. ವಾಕ್ಯವನ್ನು ಆ ಕಡೆಯಿಂದ ತಿರುಗಿಸಿ ಬರೆ. 1982ರ ‘ಓ ಕಾಂತೊ ದೊಸ್ ಎಸ್ಕ್ರಾವೊಸ್’ (ಗುಲಾಮರ ಹಾಡು) ಆಲ್ಬಮ್ ಕೇಳು. ಮೀನಸ್ ಜೆರಾಯಿಸ್ ರಾಜ್ಯದ ಗಣಿಗಳಲ್ಲಿ ದುಡಿದವರ ಹಾಡುಗಳನ್ನು ಅವರು ತಿಯಾ ದೊಕಾ, ಜೆರಾಲ್ಡೊ ಫಿಲ್ಮಿ ಜತೆ ಹಾಡಿದ್ದಾರೆ. ಒರಟು, ತಳದ ದನಿ. ಬೇರೆ ಕೆಲಸ ಮಾಡುತ್ತ ಕೇಳಬೇಡ, ಸುಮ್ನೆ ಕೂತು ಕೇಳು.

ಬ್ರೆಜಿಲ್‌ನ ಕಪ್ಪು ಸ್ತ್ರೀವಾದಿ ಚಿಂತಕಿ ಲೇಲಿಯಾ ಗೊನ್ಸಾಲೆಸ್‌ರನ್ನು ಕೊನೆಗೆ ಒಂದು ಉದ್ಧರಣೆಯಾಗಿ ಅಂಟಿಸಿದ್ದೀಯ, ಅಮೆರಿಕದ ಚಿಂತಕಿಯರಿಗೆ ಮಾತ್ರ ಮೂರು ಪುಟ. ಉಲ್ಟಾ ಆಗಬೇಕಿತ್ತು ಅಲ್ವಾ? 2019ರಲ್ಲಿ ಬ್ರೆಜಿಲ್‌ಗೆ ಹೋಗಿದ್ದ ಅಮೆರಿಕದ ಚಿಂತಕಿ ಆಂಜೆಲಾ ಡೇವಿಸ್ ಅವರೇ, ನನ್ನನ್ನು ಯಾಕೆ ಹುಡುಕುತ್ತೀರಿ, ನಾನೇ ಲೇಲಿಯಾರಿಂದ ಕಲಿಯುವುದು ಜಾಸ್ತಿ ಇದೆ ಎಂಬರ್ಥದಲ್ಲಿ ಹೇಳಿದರು. ಲೇಲಿಯಾ 1980ರ ಹೊತ್ತಿಗೇ ಒಂದು ವಿಷಯ ಹಿಡಿದಿದ್ದರು. ಕಾರ್ನಿವಲ್ ದಿನ ಕಪ್ಪು ಹುಡುಗಿ ರಾಣಿ, ಎಲ್ಲರ ಕಣ್ಣೂ ಅವಳ ಮೇಲೆ. ಹಬ್ಬ ಕಳೆದರೆ ಅವಳೇ ಮನೆಗೆಲಸದವಳು. ಇವೆರಡೂ ಒಬ್ಬಳ ಮೇಲೇ ಹೇರಿದ ಪಾತ್ರಗಳು ಅಂದರು. ಧಣಿ ಮಕ್ಕಳಿಗೆ ಹಾಲೂಡಿಸಿದ ‘ಕಪ್ಪು ತಾಯಿ’ಯನ್ನು ವಿಧೇಯತೆಯ ಮೂರ್ತಿ ಅಂತ ದೇಶ ಹೊಗಳುತ್ತಿದ್ದಾಗ, ಆ ಮಕ್ಕಳಿಗೆ ಮಾತು, ಕಥೆ, ಹಾಡು ಕಲಿಸಿ ಇಡೀ ದೇಶದ ನಾಲಿಗೆ ತಿದ್ದಿದ್ದೇ ಅವಳು ಅಂತ ವಾದಿಸಿದರು. ಈ ವಾದ ಇಟ್ಟುಕೊಂಡು ಎಡಿತ್, ಇವೋನೆ, ಕ್ಲೆಮೆಂಟಿನಾ ಮೂವರನ್ನೂ ಮತ್ತೆ ಓದು. ಸಿದ್ಧಾಂತದ ಭಾಗ ಬೇರೆ ಬರೆಯುವ ಅಗತ್ಯವೇ ಬೀಳಲಿಕ್ಕಿಲ್ಲ.

ಕೊನೆಗೆ ನಮ್ಮ ಉತ್ತರ ಕನ್ನಡದ ಸಿದ್ದಿಯರನ್ನು ಒಂದು ಪ್ಯಾರಾದಲ್ಲಿ ತಂದು ಸೇರಿಸಿದ್ದೀಯ. ಪೋರ್ಚುಗೀಸರ ಹಡಗು ಇಬ್ಬರ ಕಥೆಯಲ್ಲೂ ಇದೆ, ಸರಿ. ಆದರೆ ಗೋವಾ ಕಡೆಗೆ ಬಂದವರು ಹೆಚ್ಚಾಗಿ ಪೂರ್ವ ಆಫ್ರಿಕಾದವರು. ಬ್ರೆಜಿಲ್‌ಗೆ ಹೋದವರಲ್ಲಿ ಬಹಳ ಜನ ಅಂಗೋಲಾ ಕಡೆಯವರು, ಪಶ್ಚಿಮ ಕರಾವಳಿಯವರು. ‘ಅದೇ ಹಾಡು, ಅದೇ ತಾಳ’ ಅನ್ನುವುದಕ್ಕೆ ನಿನ್ನ ಹತ್ತಿರ ಏನು ಆಧಾರ? ಯಲ್ಲಾಪುರಕ್ಕೆ ಹೋಗಿ, ಅಲ್ಲಿಯ ಹೆಂಗಸರ ಹತ್ತಿರ ಕೂತು ಕೇಳಿ, ಅದನ್ನೇ ಬೇರೆ ಲೇಖನ ಮಾಡು. ಇಲ್ಲಿಂದ ಆ ಪ್ಯಾರಾ ತೆಗೆ.

ಪೋರ್ಚುಗೀಸ್ ಹೆಸರುಗಳ ಉಚ್ಚಾರವನ್ನು ಆ ಭಾಷೆ ಬಲ್ಲವರ ಹತ್ತಿರ ಒಮ್ಮೆ ಕೇಳಿಸಿಕೋ. ನಾನು ಬರೆದಿದ್ದನ್ನೂ ಸೇರಿಸಿ. ತಿದ್ದಿದ ಪ್ರತಿ ಕಳಿಸು, ದೀಪಾವಳಿ ವಿಶೇಷಾಂಕಕ್ಕೆ ಇನ್ನೂ ಟೈಮ್ ಇದೆ.

ನಿನ್ನ ಅಕ್ಕ