ಚಿತ್ರ ಕೂರಿಸಿದವರಿಗೆ ಒಂದು ಥ್ಯಾಂಕ್ಸ್

ಟೋಕಿಯೋದ ಈ ಉಕಿಯೊ-ಎ (ಜಪಾನಿನ ಹಳೆಯ ಚಿತ್ರಶೈಲಿ) ಪ್ರದರ್ಶನದಲ್ಲಿ ಮರದಚ್ಚಿನ ಚಿತ್ರಗಳನ್ನು ಚೌಕಟ್ಟಿಗೆ ಕೂರಿಸಿದವರ ಹೆಸರು ಯಾವ ಫಲಕದಲ್ಲೂ ಇಲ್ಲ. ಯಾರೇ ಆಗಿರಿ, ನಮಸ್ಕಾರ.

ಮೇಲಂಚಿಗೆ ಮಾತ್ರ ಎರಡು ತೆಳು ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟು. ನಾಲ್ಕೂ ಕಡೆ ಅಂಟಿಸಿದ್ದರೆ ತೇವಕ್ಕೆ ಹಿಗ್ಗಲು ಜಾಗವಿಲ್ಲದೆ ಹಾಳೆ ಉಬ್ಬುತ್ತಿತ್ತು. ಚಿತ್ರದ ಸುತ್ತಲಿನ ರಟ್ಟಿನ ಕಿಟಕಿಯನ್ನು ಚಿತ್ರದ ಅಂಚಿನಾಚೆಗೆ ಕತ್ತರಿಸಿದ್ದು ಇನ್ನೂ ದೊಡ್ಡ ಉಪಕಾರ: ಗೆರೆಯಿಂದ ಕೂದಲೆಳೆಯಷ್ಟು ಜಾರಿದ ಕೆಂಪು ಕಂಡಿತು. ಅಚ್ಚಿನ ಹಲಗೆಯ ಕೆಂಟೊ ಕಚ್ಚಿನಲ್ಲಿ, ಅಂದರೆ ಪ್ರತಿ ಬಣ್ಣಕ್ಕೂ ಕಾಗದವನ್ನು ಒಂದೇ ಜಾಗಕ್ಕೆ ಕೂರಿಸುವ ಗುರುತಿನಲ್ಲಿ, ಕಾಗದ ಸರಿಯಾಗಿ ಕೂರದಿದ್ದರೆ ಹೀಗೇ.

ಬೆಳಕು 50 ಲಕ್ಸ್. ಮಂಕೆಂದು ಗೊಣಗುವವರು ಗೊಣಗಲಿ. ಹದಿನೆಂಟನೇ ಶತಮಾನದ ಕಲಾವಿದ ಹರುನೊಬು ಕಾಲದ, ಹೂವಿನಿಂದ ತೆಗೆದ ನೀಲಿ ಬೆಳಕಿಗೂ ತೇವಕ್ಕೂ ಮಾಸುತ್ತದೆ. 1830ರ ದಶಕದ ಕಲಾವಿದ ಹೊಕುಸಾಯ್ ಚಿತ್ರಗಳ ಪ್ರಷ್ಯನ್ ನೀಲಿ ಎಂಬ ರಾಸಾಯನಿಕ ಬಣ್ಣ ಅಷ್ಟು ಸುಲಭಕ್ಕೆ ಜಗ್ಗದು. ದೀಪವನ್ನು ಓರೆಯಾಗಿಟ್ಟು, ಬಣ್ಣವಿಲ್ಲದೆ ಒತ್ತಿದ ಕಿಮೋನೊ ನೇಯ್ಗೆಯ ಉಬ್ಬನ್ನು ತೋರಿಸಿದ್ದಕ್ಕೆ ವಿಶೇಷ ಥ್ಯಾಂಕ್ಸ್.